ಒಂಟಿ ಆಟೀನು

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನಿವೃತ್ತ ಲೆಕ್ಕಾಧಿಕಾರಿ, ವಯಸ್ಸು 61. ರಾತ್ರಿ ನಿದ್ದೆಯಿಲ್ಲ ಅಂತ ಹೆಂಡತಿ ಕರೆತಂದಿದ್ದರು. ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು: ಬ್ರಿಜ್‌ನಲ್ಲಿ, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟಾಟದಲ್ಲಿ, 11 ವರ್ಷದ ಜೊತೆಗಾರ ಫೋನ್ ಎತ್ತುತ್ತಿಲ್ಲ.

ಕ್ಲಬ್ಬಿನ ಟೂರ್ನಮೆಂಟು. ಎದುರಾಳಿಯದು ಆರು ನೋ ಟ್ರಂಪ್, ಅಂದರೆ ತುರುಪಿಲ್ಲದೆ 13 ಪಟ್ಟಿನಲ್ಲಿ (ಸುತ್ತಿನಲ್ಲಿ) 12 ಗೆಲ್ಲಬೇಕು. ಆಟೀನ್ (ಹಾರ್ಟ್ಸ್) ರಾಣಿ ಯಾರ ಕೈಲಿದೆ ಅನ್ನೋದರ ಮೇಲೇ ಆಟ ನಿಂತಿತ್ತು. ಡಮ್ಮಿಯಿಂದ, ಅಂದರೆ ಎದುರಾಳಿಯ ಜೊತೆಗಾರ ಮೇಜಿನ ಮೇಲೆ ತೆರೆದಿಟ್ಟ ಕೈಯಿಂದ, ಆಟೀನ್ ಗುಲಾಮ ಇಳಿಯಿತು. ಸರದಿ ಇವರದು. ಕೈಲಿದ್ದದ್ದು ಒಂದೇ ಆಟೀನು, ನಾಲ್ಕು. ಆದರೂ ಎಲೆ ಅರ್ಧ ಎಳೆದು, ಒಳಕ್ಕೆ ತಳ್ಳಿ, ಮತ್ತೆ ಎಳೆದು ಹಾಕಿದರು. ರಾಣಿ ಇವರಲ್ಲೇ ಇದೆ ಅಂತ ನಂಬಿದ ಎದುರಾಳಿ ದೊಡ್ಡ ಎಲೆ ಹಾಕದೆ ಗುಲಾಮನನ್ನು ಹಾಗೇ ಬಿಟ್ಟ. ರಾಣಿ ಬಿದ್ದದ್ದು ಜೊತೆಗಾರನ ಕೈಯಿಂದ. ಟೂರ್ನಮೆಂಟಿನ ತೀರ್ಪುಗಾರ, ಡೈರೆಕ್ಟರು, ಬಂದು ಅಂಕ ತಿದ್ದಿದರು.

"ಇಡೀ ಕೈ ಲೆಕ್ಕ ಹಾಕ್ತಿದ್ದೆ ಸಾರ್. ನನ್ನನ್ನ ಯಾರೂ ಮೋಸಗಾರ ಅಂದಿಲ್ಲ."

ನಾನೂ ಇಸ್ಪೀಟು ಆಡುವವನೇ. ಮನೆಯ ರಮ್ಮಿಯಲ್ಲಿ ಇಂಥ ನಾಟಕಕ್ಕೆ ಚಪ್ಪಾಳೆ ಬೀಳುತ್ತದೆ. ಬ್ರಿಜ್‌ನಲ್ಲಿ ಎಲೆ ಹಾಕಿ ಯಾಮಾರಿಸಬಹುದು, ತಡವರಿಸಿ ಯಾಮಾರಿಸುವಂತಿಲ್ಲ. 73ನೇ ನಿಯಮದ ಪ್ರಕಾರ ಉದ್ದೇಶವನ್ನು ಸಾಬೀತು ಮಾಡಬೇಕಾಗಿಯೂ ಇಲ್ಲ. ತಡಕ್ಕೆ ಆಟದ ಕಾರಣವಿರಲಿಲ್ಲ, ಇದರಿಂದ ತನಗೆ ಲಾಭವಾದೀತು ಅಂತ ಹೊಳೆಯಬಹುದಿತ್ತು, ಎದುರಾಳಿ ಅದನ್ನು ನಂಬಿ ಕೆಟ್ಟ ಅಂದರೆ ಸಾಕು, ಅಂಕ ತಿದ್ದಬಹುದು. ಇವರು ಆತುಕೊಂಡದ್ದು ಇದಕ್ಕೇ. ಬೇಕಂತಲೇ ಮಾಡಿದ್ದಾ ಅಂತ ಡೈರೆಕ್ಟರು ಕೇಳದೆ ಬಿಟ್ಟ ಪ್ರಶ್ನೆಯನ್ನು ಜೊತೆಗಾರ ಕೇಳುತ್ತಿದ್ದ.

ಮೂರನೇ ಭೇಟಿಗೆ ಒಂದು ಪ್ಯಾಕ್ ತಂದಿಟ್ಟೆ. 13 ಎಲೆ ಕೊಟ್ಟೆ, ಆಟೀನು ಒಂದೇ. ಗುಲಾಮ ಹಾಕಿದೆ. ಬೆರಳು ಮತ್ತೆ ಎಲೆಯ ನೆತ್ತಿಯ ಮೇಲೆ ನಿಂತಿತು. ಅವರೇ ನೋಡಿಕೊಂಡರು. ತುಂಬಾ ಹೊತ್ತಿನ ಮೇಲೆ, "ಅವತ್ತು ಅರ್ಧ ಗೊತ್ತಿತ್ತು" ಅಂದರು.

ಆಟದ ಬಗ್ಗೆ ನಾನು ಹೇಳಿದ್ದು ಸ್ವಲ್ಪವೇ. ಒಂಟಿ ಎಲೆ ಇದ್ದರೆ ಎಂದಿನ ವೇಗದಲ್ಲೇ ಹಾಕಿ. ಇಡೀ ಕೈ ಲೆಕ್ಕ ಹಾಕಬೇಕೆ, ಪಟ್ಟು ಮುಗಿದ ಮೇಲೆ ನಿಮ್ಮ ಎಲೆ ಮಗುಚದೆ ಯೋಚಿಸಿ. ಕೈ ತಡೆದೇ ಬಿಟ್ಟರೆ "ಯೋಚಿಸೋಕೆ ಏನೂ ಇರಲಿಲ್ಲ" ಅಂತ ಆಗಲೇ ಹೇಳಿಬಿಡಿ. ಜೊತೆಗಾರನಿಗೆ ಮಾತ್ರ ನಿಯಮದ ನಂಬರು ಬೇಡ, ನನಗೆ ಹೇಳಿದ ಆ ಮಾತನ್ನೇ ಹೇಳಿ. ವಾಟ್ಸಾಪ್ ಸಾಲದೇ ಅಂದರು. ಸಾಲದು, ಮನೆಗೆ ಹೋಗಿ ಅಂದೆ.

ಹೋದರು. ಆತ ಕಾಫಿ ಕೊಟ್ಟು ಪೂರ್ತಿ ಕೇಳಿಸಿಕೊಂಡನಂತೆ. ಆಮೇಲೆ ಕೇಳಿದ್ದು ಒಂದೇ: "ಇನ್ನರ್ಧ?"

ಇವರಲ್ಲಿ ಉತ್ತರವಿರಲಿಲ್ಲ. ಗುರುವಾರ ಮತ್ತೆ ಬರುತ್ತಾರೆ.