ಹುಣ್ಣಿಮೆ ಬಂದರೆ ಕದಡುವ ನೀರು

ಪ್ರಶ್ನೆ: ನಮ್ಮದು ಸಮುದ್ರದಂಚಿನ ಸಣ್ಣ ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕ, ಆಕ್ಟಿವೇಟೆಡ್ ಸ್ಲಡ್ಜ್ (ಗಾಳಿಯೂದಿ ಬೆಳೆಸಿದ ಸೂಕ್ಷ್ಮಜೀವಿಗಳ ಕೆಸರೇ ಕೊಳೆ ತಿನ್ನುವ) ಪದ್ಧತಿಯದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಮೂರ್ನಾಲ್ಕು ದಿನ ಕೆಸರು ತಳಕ್ಕೆ ಕೂರುವ ಟ್ಯಾಂಕಾದ ಕ್ಲಾರಿಫೈಯರ್‌ನಿಂದ ಕದಡಿದ ನೀರು ಹೊರಬರುತ್ತದೆ. ಕೊಳಚೆ ಬಂದು ಸೇರುವ ಪಂಪ್ ಬಾವಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಕ್ಲೋರಿನ್ ಹೆಚ್ಚಿಸಿದರೂ ಸರಿಹೋಗಿಲ್ಲ. ಬ್ಯಾಕ್ಟೀರಿಯಾ ಕಲ್ಚರ್ ಹಾಕಬೇಕೇ?

ಉತ್ತರ: ಕಲ್ಚರ್ ಬೇಡ, ದುಡ್ಡು ದಂಡ. ನೀವು ಹೇಳಿದ ದಿನಗಳಲ್ಲೇ ಉಬ್ಬರ ಅತಿ ಎತ್ತರಕ್ಕೇರುವುದು. ಸಮುದ್ರದ ನೀರು ಒಳಚರಂಡಿಗೆ ನುಗ್ಗುತ್ತಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಗಾಳಿಯೂದುವ ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಅಳತೆ ಜಾಡಿಯಲ್ಲಿ 30 ನಿಮಿಷ ಅಲುಗಾಡಿಸದೆ ಇಡಿ. ಕೆಸರು 700–800 ಮಿ.ಲೀ. ಗುರುತಿನಲ್ಲೇ ನಿಂತರೆ ಅದು ಬೇರೆಯೇ ರೋಗ, ನೂಲೆಳೆಯಂಥ ಬ್ಯಾಕ್ಟೀರಿಯಾ ಬೆಳೆದಿರಬಹುದು. ಕೆಸರು 300ರ ಹತ್ತಿರಕ್ಕೆ ಇಳಿದೂ ಮೇಲಿನ ನೀರು ಹಾಲು ಬೆರೆಸಿದಂತಿದ್ದರೆ ಉಪ್ಪಿನ ಮೇಲೆ ಅನುಮಾನಪಡಿ. ಉಪ್ಪು ಒಂದೇ ಮಟ್ಟದಲ್ಲಿದ್ದರೆ ಸೂಕ್ಷ್ಮಜೀವಿಗಳು ಒಗ್ಗಿಕೊಳ್ಳುತ್ತವೆ; ದಿನಕ್ಕೆರಡು ಸಲ ಏರಿಳಿದರೆ ಕೆಸರಿನ ಮೆತ್ತನೆಯ ಗಂಟುಗಳು ಒಡೆದು ಚದುರುತ್ತವೆ. ಜೊತೆಗೆ ಉಪ್ಪುನೀರು ಭಾರ, ಕ್ಲಾರಿಫೈಯರ್‌ನ ತಳಕ್ಕೆ ಧುಮುಕಿ ಅಲ್ಲಿ ಕೂತ ಕೆಸರನ್ನು ಎಬ್ಬಿಸುತ್ತದೆ.

ಇನ್ನು ಕಂಡಕ್ಟಿವಿಟಿ ಮೀಟರ್ ಹಿಡಿಯಿರಿ; ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅದರ ಅಂಕಿ ಏರುತ್ತದೆ. ಘಟಕದ ಒಳಹರಿವಿನಲ್ಲಿ 15 ನಿಮಿಷಕ್ಕೊಮ್ಮೆ, ಒಂದು ಪೂರ್ತಿ ಉಬ್ಬರ-ಇಳಿತದ ಅವಧಿ, ಅಂದರೆ ಸುಮಾರು ಹನ್ನೆರಡೂವರೆ ಗಂಟೆ, ಅಳೆದು ಬರೆದಿಡಿ. ಸಮುದ್ರದ ನೀರು ಸೆಂ.ಮೀ.ಗೆ ಸುಮಾರು 50,000 ಮೈಕ್ರೋಸೀಮೆನ್ಸ್ (ಈ ಮೀಟರಿನ ಅಳತೆಮಾನ). ನಿಮ್ಮ ಕೊಳಚೆ ಮಾಮೂಲಿ ದಿನ 1,000 ತೋರಿಸುತ್ತಿದ್ದು ಈಗ 6,000 ತೋರಿಸಿದರೆ ನೂರರಲ್ಲಿ ಹತ್ತು ಪಾಲು ಸಮುದ್ರವೇ. ಅಂಕಿ ಉಬ್ಬರದ ಜೊತೆಜೊತೆಗೇ ಚಿಮ್ಮಿದರೆ, ಪಂಪ್ ಬಾವಿಯ ಓವರ್‌ಫ್ಲೋ ಪೈಪಿನ ಫ್ಲ್ಯಾಪ್ ವಾಲ್ವ್ (ನೀರನ್ನು ಹೊರಕ್ಕಷ್ಟೇ ಬಿಡುವ ಮುಚ್ಚಳ) ನೋಡಿ. ಚಿಪ್ಪುಜೀವಿಗಳು ಅಂಟಿಕೊಂಡೋ ಪ್ಲಾಸ್ಟಿಕ್ ಸಿಕ್ಕಿಕೊಂಡೋ ಒಂದು ಬೆರಳಷ್ಟು ತೆರೆದುಕೊಂಡಿದ್ದರೂ ಸಾಕು. ಇದೇ ಅಗ್ಗದ ರಿಪೇರಿ. ಅಂಕಿ ತಡವಾಗಿ, ನಿಧಾನವಾಗಿ ಏರಿದರೆ ನೆಲದೊಳಗಿನ ನೀರು ಪೈಪಿನ ಜಾಯಿಂಟ್‌ಗಳಿಂದ ಜಿನುಗುತ್ತಿದೆ.

ಜಾಯಿಂಟ್ ಹುಡುಕಲು ಮನೆಗಳ ನೀರು ಕಡಿಮೆಯಿರುವ ರಾತ್ರಿ 2ರಿಂದ 4ರ ಹೊತ್ತು, ಅದೂ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರದ ದಿನವೇ ಹೊರಡಿ. ಪಂಪ್ ಬಾವಿಯಿಂದ ಮೇಲಕ್ಕೆ ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ಹೋಗಿ, ಹಗ್ಗಕ್ಕೆ ಬಾಟಲಿ ಕಟ್ಟಿ ನೀರೆತ್ತಿ ಅಳೆಯಿರಿ. ಯಾವ ಎರಡು ಮ್ಯಾನ್‌ಹೋಲ್ ನಡುವೆ ಅಂಕಿ ದಢಕ್ಕನೆ ಇಳಿಯುತ್ತದೋ, ಸೋರಿಕೆ ಆ ತುಂಡಿನಲ್ಲಿದೆ. ಯಾರನ್ನೂ ಒಳಗೆ ಇಳಿಸಬೇಡಿ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100) ತಲುಪಿದರೆ ಮೂಗೇ ಮಂಕಾಗುತ್ತದೆ. ವಾಸನೆ ಇಲ್ಲವೆಂದು ಧೈರ್ಯಗೊಳ್ಳುವುದೇ ಅಪಾಯ.

ರಿಪೇರಿಯಾಗುವವರೆಗೆ, ಹುಣ್ಣಿಮೆ-ಅಮಾವಾಸ್ಯೆಗೆ ನಾಲ್ಕೈದು ದಿನ ಮೊದಲೇ ಹೆಚ್ಚುವರಿ ಕೆಸರನ್ನು ಸ್ವಲ್ಪ ಸ್ವಲ್ಪವೇ ಹೊರತೆಗೆದು ಕ್ಲಾರಿಫೈಯರ್‌ನ ಕೆಸರಿನ ಮಟ್ಟ ತಗ್ಗಿಸಿ. ಎರಡು ಪಂಪ್ ಒಟ್ಟಿಗೆ ಓಡಿಸಿ ನೀರು ನುಗ್ಗಿಸುವ ಬದಲು, ಬಾವಿ ತುಂಬಿ ಹರಿಯದಂತೆ ನೋಡಿಕೊಂಡು ಒಂದನ್ನೇ ಹೆಚ್ಚು ಹೊತ್ತು ಓಡಿಸಿ. ಕ್ಲೋರಿನ್ ಸುರಿಯಬೇಡಿ: ಕದಡಿದ ನೀರಿನ ಕಣಗಳೊಳಗೆ ರೋಗಾಣುಗಳು ಅವಿತುಕೊಳ್ಳುತ್ತವೆ, ಉಳಿದ ಕ್ಲೋರಿನ್ ಸಮುದ್ರಕ್ಕೆ ಹೋಗಿ ಮೀನುಮರಿಗಳನ್ನು ಕೊಲ್ಲುತ್ತದೆ. ಈಗಾಗಲೇ ಹೆಚ್ಚಾಗಿದ್ದರೆ, ಉಳಿದ ಪ್ರತಿ 1 ಮಿ.ಗ್ರಾಂ ಕ್ಲೋರಿನ್‌ಗೆ ಅದನ್ನು ಅಳಿಸಲು ಸುಮಾರು 1.5 ಮಿ.ಗ್ರಾಂ ಸೋಡಿಯಂ ಬೈಸಲ್ಫೈಟ್ ಬೇಕು.

ವಾಸನೆಯ ಮೂಲವೂ ಸಮುದ್ರವೇ. ಅದರಲ್ಲಿ ಲೀಟರಿಗೆ ಸುಮಾರು 2,700 ಮಿ.ಗ್ರಾಂ ಸಲ್ಫೇಟ್ ಇರುತ್ತದೆ. ನೂರರಲ್ಲಿ ಹತ್ತು ಪಾಲು ಸೇರಿದರೂ 270 ಮಿ.ಗ್ರಾಂ. ಗಾಳಿಯಿಲ್ಲದ ಪೈಪಿನಲ್ಲಿ ಅದು ಸಲ್ಫೈಡ್ ಆಗಿ, ಮೇಲೆದ್ದು, ಒದ್ದೆ ಕಾಂಕ್ರೀಟ್ ಮೇಲೆ ಗಂಧಕಾಮ್ಲವಾಗುತ್ತದೆ. ಮುಚ್ಚಳ ತೆಗೆದು ಗಾಳಿಯಾಡಿಸಿ, ಗ್ಯಾಸ್ ಮೀಟರ್ ಹಿಡಿದು ನೋಡಿದ ಮೇಲೆ, ಉದ್ದನೆಯ ಕಬ್ಬಿಣದ ಸರಳಿನಿಂದ ನೀರಿನ ಮಟ್ಟಕ್ಕಿಂತ ಮೇಲಿನ ಗೋಡೆಯನ್ನು ಕೆರೆಯಿರಿ. ನೆನೆದ ಸುಣ್ಣದಂತೆ ಬಿಳಿ ಹಿಟ್ಟು ಉದುರಿದರೆ ಬಾವಿಯ ಗೋಡೆಯ ರಿಪೇರಿಯನ್ನೂ ಈ ವರ್ಷದ ಅಂದಾಜುಪಟ್ಟಿಗೆ ಸೇರಿಸಿ.