ಮಾತ್ರೆ ತಪ್ಪಿಸಿರಲಿಲ್ಲ, ಆದರೂ ರಕ್ತ ಏರಲಿಲ್ಲ

ಪೀಣ್ಯ, ಲಗ್ಗೆರೆ, ಬೊಮ್ಮನಹಳ್ಳಿ ಕಡೆಯಿಂದ ಆಹಾರ ಸಲಹೆಗೆ ಬರುವ ಹೆಂಗಸರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: "ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗ್ದೆ ಮೇಡಂ, ರಕ್ತ ಮಾತ್ರ ಏರ್ಲಿಲ್ಲ." ಕೇಳಿದವರು ಸಾಮಾನ್ಯವಾಗಿ "ಸರಿಯಾಗಿ ನುಂಗಿರಲ್ಲ ಬಿಡಿ" ಎಂದುಬಿಡುತ್ತಾರೆ. ಬಹಳ ಸಲ ಅದು ತಪ್ಪು, ಅನ್ಯಾಯವೂ ಹೌದು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 34 ವರ್ಷ. ಗಾರ್ಮೆಂಟ್ಸ್‌ನಲ್ಲಿ ಟೈಲರ್, ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ. ಹಿಮೋಗ್ಲೋಬಿನ್ 8.6 ಗ್ರಾಂ. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 60 ಮಿಗ್ರಾಂ ಕಬ್ಬಿಣದ ಮಾತ್ರೆ, ದಿನಕ್ಕೆ ಎರಡು, ಮೂರು ತಿಂಗಳು. ಆಮೇಲೆ ನೋಡಿದರೆ 8.9. ರಕ್ತನಾಳಕ್ಕೇ ಕಬ್ಬಿಣ ಏರಿಸೋಣವೇ ಎಂದು ಯೋಚಿಸುತ್ತಿದ್ದ ವೈದ್ಯರು, ಅದಕ್ಕೆ ಮುಂಚೆ ಊಟದ ಬಗ್ಗೆ ಮಾತಾಡಲು ಕಳಿಸಿದ್ದರು.

ಮೊದಲ ಎರಡು ಭೇಟಿಗಳು ಪಟ್ಟಿಯಲ್ಲೇ ಕಳೆದವು. ಬೀಟ್‌ರೂಟ್ ಜ್ಯೂಸ್, ದಾಳಿಂಬೆ, ಖರ್ಜೂರ; ಸಂಬಳದಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತಿತ್ತು. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಗ್ರಾಂ ಕೂಡ ಇರುವುದಿಲ್ಲ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಎಂಟು ಮಿಗ್ರಾಂಗೂ ಹೆಚ್ಚಿರುತ್ತದೆ.

ಮೂರನೇ ಸಲ "ಏನು ತಿಂತೀರಿ" ಎಂದು ಕೇಳಲಿಲ್ಲ. ಗಡಿಯಾರ ಹಿಡಿದು ಕೇಳಿದೆ: ಎದ್ದ ಹೊತ್ತಿನಿಂದ ಮಲಗುವ ತನಕ, ಯಾವ ಹೊತ್ತಿಗೆ ಬಾಯಿಗೆ ಏನು ಹೋಯಿತು?

"ಐದಕ್ಕೆ ಏಳ್ತೀನಿ. ಅಡುಗೆ, ಮಕ್ಕಳ ಡಬ್ಬಿ. ಏಳೂವರೆಗೆ ಮಜ್ಜಿಗೆ ಹಾಕಿ ರಾಗಿ ಅಂಬಲಿ ಕುಡೀತೀನಿ, ಅದರ ಜೊತೆಗೇ ಮಾತ್ರೆ. ಬರೀ ಹೊಟ್ಟೆಗೆ ನುಂಗಿದ್ರೆ ಉರಿಯುತ್ತೆ ಅಂತ. ಆಮೇಲೆ ಕಾಫಿ, ಎಂಟಕ್ಕೆ ಬಸ್ಸು. ಹನ್ನೊಂದಕ್ಕೆ ಟೀ, ಒಂದಕ್ಕೆ ಊಟ, ಮೂರೂವರೆಗೆ ಇನ್ನೊಂದು ಟೀ. ರಾತ್ರಿ ಊಟ ಆದ್ಮೇಲೆ ಅತ್ತೆ ಹಾಲು ಕಾಯಿಸಿ ಕೊಡ್ತಾರೆ. ಅದರಲ್ಲಿ ಎರಡನೇ ಮಾತ್ರೆ. ಒಂದು ದಿನಾನೂ ತಪ್ಪಿಸಿಲ್ಲ ಮೇಡಂ."

ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಅಕ್ಕಿ ಆರಿಸ್ತಾ ಆರಿಸ್ತಾ ಹಸಿ ಅಕ್ಕೀನ ಬಾಯಿಗೆ ಹಾಕ್ಕೋತೀನಿ. ದಿನಕ್ಕೆ ಎರಡು ಹಿಡಿ ಆಗುತ್ತೆ. ಬಿಡೋಕೇ ಆಗ್ತಿಲ್ಲ. ಮನೇಲಿ ಬೈತಾರೆ."

ಇದು ಕೆಟ್ಟ ಚಟವಲ್ಲ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ತಿನ್ನಬೇಕೆನಿಸುವುದು ಕಬ್ಬಿಣದ ಕೊರತೆಯ ಪರಿಚಿತ ಲಕ್ಷಣ. ಕಬ್ಬಿಣ ಮೈಗೆ ಹತ್ತತೊಡಗಿದ ಮೇಲೆ ಹಿಮೋಗ್ಲೋಬಿನ್ ಪೂರ್ತಿ ಏರುವ ಮೊದಲೇ ಆ ಚಪಲ ಇಳಿಯುವುದುಂಟು. "ಅಕ್ಕಿ ತಿಂದು ರಕ್ತ ಕಮ್ಮಿ ಆಯ್ತು" ಎಂದು ಬೈಯುವ ಮನೆಗಳು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿಕೊಂಡಿವೆ. ಹಾಗೆಂದೇ ಆಕೆಗೆ ಅಕ್ಕಿ ಬಿಡಿ ಎಂದು ಹೇಳಲಿಲ್ಲ. "ಇದು ನಿಮ್ಮ ತಪ್ಪಲ್ಲ, ಕಡಿಮೆಯಾದ ದಿನ ನನಗೆ ತಿಳಿಸಿ" ಎಂದಷ್ಟೇ ಹೇಳಿದೆ.

ಇನ್ನು ಮಾತ್ರೆ. ಕಬ್ಬಿಣ ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಗೇಣಿನಲ್ಲಿ. ಅಲ್ಲಿ ಅದು ಕರಗಿದ ರೂಪದಲ್ಲಿ, ಯಾವುದಕ್ಕೂ ಅಂಟಿಕೊಳ್ಳದೆ ಇರಬೇಕು. ರಾಗಿಯ ಫೈಟೇಟ್ ಮತ್ತು ಟ್ಯಾನಿನ್, ಕಾಫಿ ಟೀಯಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಜನ್ಯ ಅಂಶಗಳು ಅದನ್ನು ಕಟ್ಟಿಹಾಕುತ್ತವೆ. ರಾಗಿ, ಮಜ್ಜಿಗೆ, ಹಾಲಿನ ಕ್ಯಾಲ್ಸಿಯಂ ಅದು ಒಳಹೋಗುವುದನ್ನು ತಗ್ಗಿಸುತ್ತದೆ. ಆಕೆಯ ಎರಡು ಮಾತ್ರೆಗೂ ಸಿಕ್ಕಿದ್ದು ಇಂಥ ಜೊತೆಯೇ.

ಇನ್ನೊಂದು ಅಡ್ಡಿ ನಮ್ಮ ಮೈಯೊಳಗೇ ಇದೆ. 60 ಮಿಗ್ರಾಂನಷ್ಟು ಕಬ್ಬಿಣ ಒಟ್ಟಿಗೆ ಬಂದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಕರುಳಿನಿಂದ ರಕ್ತಕ್ಕೆ ಹೋಗುವ ದಾರಿಯನ್ನು ಸುಮಾರು ಒಂದು ದಿನ ಕಿರಿದಾಗಿಸುತ್ತದೆ. ಬೆಳಗಿನ ಮಾತ್ರೆಯೇ ರಾತ್ರಿಯ ಮಾತ್ರೆಗೆ ಬಾಗಿಲು ಹಾಕಿದಂತೆ. ಜ್ಯೂರಿಕ್‌ನ ಸಂಶೋಧಕರು ಕಬ್ಬಿಣ ಕಡಿಮೆಯಿದ್ದ 40 ಯುವತಿಯರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ನುಂಗಿದವರು ಮಾತ್ರೆಯ ಕಬ್ಬಿಣದಲ್ಲಿ ಸುಮಾರು ಶೇ. 16ರಷ್ಟು, ದಿನ ಬಿಟ್ಟು ದಿನ ನುಂಗಿದವರು ಶೇ. 22ರಷ್ಟು ಹೀರಿಕೊಂಡಿದ್ದರು. ಇದನ್ನು ವೈದ್ಯರ ಜೊತೆ ಚರ್ಚಿಸಿದ ಮೇಲೆ ಅವರೇ ಪ್ರಮಾಣ ಬದಲಿಸಿದರು: ದಿನ ಬಿಟ್ಟು ದಿನ, ಎರಡೂ ಮಾತ್ರೆ ಒಟ್ಟಿಗೆ. ಓದುವವರು ತಾವಾಗಿಯೇ ಹೀಗೆ ಬದಲಿಸಿಕೊಳ್ಳಬೇಡಿ, ಗರ್ಭಿಣಿಯರಂತೂ ಖಂಡಿತ ಬೇಡ.

ಹೊತ್ತನ್ನು ಆಕೆಯ ಜೊತೆ ಕೂತೇ ಗೊತ್ತುಮಾಡಿದೆ. ಐದಕ್ಕೆ ಎದ್ದ ತಕ್ಷಣ ಒಂದು ಲೋಟ ನೀರಿನಲ್ಲಿ ಮಾತ್ರೆ. ಮಾತ್ರೆಗೆ ಬರೀ ನೀರು ಸಾಕು, ನಿಂಬೆ ಬೇಕಿರುವುದು ಊಟಕ್ಕೆ. ಕಾಫಿ ಆರೂಕಾಲಕ್ಕೆ, ಮಾತ್ರೆಯಿಂದಲೂ ಅಂಬಲಿಯಿಂದಲೂ ಒಂದು ಗಂಟೆಗೂ ಹೆಚ್ಚು ದೂರ. ಹನ್ನೊಂದರ ಟೀ, ಮೂರೂವರೆಯ ಟೀ ಹಾಗೇ ಇರಲಿ, ಅವೆರಡೂ ಊಟದಿಂದ ಎರಡು ಗಂಟೆಯಾದರೂ ದೂರ ಇವೆ. ಉರಿ ತಾಳಲಾರದಾದರೆ ಎರಡು ತುತ್ತು ಅನ್ನ, ತಿಳಿಸಾರಿನ ಜೊತೆ ನುಂಗಬಹುದು. ಸ್ವಲ್ಪ ನಷ್ಟವಾಗುತ್ತದೆ, ಆದರೆ ಮಾತ್ರೆಯನ್ನೇ ಬಿಡುವುದಕ್ಕಿಂತ ಮೇಲು. ಮಲ ಕಪ್ಪಾದರೆ ಹೆದರಬೇಡಿ. ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ.

ಮಧ್ಯಾಹ್ನದ ಡಬ್ಬಿಗೆ ವಾರದಲ್ಲಿ ಮೂರು ದಿನ ಮೊಳಕೆ ಹುರುಳಿಯ ಸಾರು ಇಲ್ಲವೇ ದಂಟಿನ ಸೊಪ್ಪಿನ ಪಲ್ಯ. ಮೊಳಕೆ ಬಂದಾಗ ಫೈಟೇಟ್ ಕಡಿಮೆಯಾಗುತ್ತದೆ. ತಿನ್ನುವ ಹೊತ್ತಿಗೆ ಅರ್ಧ ನಿಂಬೆ ಹಿಂಡಿಕೊಳ್ಳಬೇಕು. ಅದರ ಸಿ ಜೀವಸತ್ವ ಊಟದ ಕಬ್ಬಿಣ ಹೀರಲು ನೆರವಾಗುತ್ತದೆ; ಒಲೆಯ ಮೇಲೆ ಕುದಿಸಿದರೆ ಅದು ಬಹಳಷ್ಟು ಹಾಳಾಗುತ್ತದೆ. ದಾಳಿಂಬೆಯ ದುಡ್ಡಿಗೆ ಸೀಬೆಕಾಯಿ ತನ್ನಿ, ಅದರಲ್ಲೂ ಸಿ ಜೀವಸತ್ವ ಇದೆ ಎಂದೆ.

"ರಾಗಿ ಬಿಡಿಸಿದ್ರಂತೆ" ಎಂದು ಆಮೇಲೆ ಆಕ್ಷೇಪಣೆ ಬಂತು. ಬಿಡಿಸಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಗ್ರಾಂ ಕ್ಯಾಲ್ಸಿಯಂ ಇದೆ. ದಿನವಿಡೀ ಕೂತು ಹೊಲಿಯುವ ಆಕೆಯ ಮೂಳೆಗೆ ಅದು ಬೇಕು. ಮಾತ್ರೆಯ ಹೊತ್ತಿಗೆ ಬೇಡ, ಅಷ್ಟೇ. ಮೊದಲೇ ಇಂಜೆಕ್ಷನ್ ಕೊಡಿಸಬಾರದಿತ್ತೇ ಎಂದೂ ಕೇಳಿದರು. ಕರುಳು ಹೀರಿಕೊಳ್ಳದವರಿಗೆ, ಹೆರಿಗೆ ಹತ್ತಿರವಿದ್ದು ಹೊತ್ತಿಲ್ಲದವರಿಗೆ ಅದು ಸರಿಯಾದ ಚಿಕಿತ್ಸೆಯೇ. ಆದರೆ ಎಷ್ಟು ಏರಿಸಿದರೂ ಸೋರಿಕೆ ನಿಲ್ಲದಿದ್ದರೆ ಮತ್ತೆ ಖಾಲಿಯಾಗುತ್ತದೆ.

ಸೋರಿಕೆ ಇತ್ತು. ಮುಟ್ಟು ಏಳು ದಿನ, ಮೊದಲ ಎರಡು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಒದ್ದೆ. ಕೆಲಸದಲ್ಲಿ ಹೊಲಿಗೆಯ ಲೈನ್ ಬಿಟ್ಟು ಏಳುವುದು ಕಷ್ಟ ಎಂದು ಒಂದರ ಮೇಲೊಂದು ಎರಡು ಹಾಕಿಕೊಳ್ಳುತ್ತಿದ್ದರು. "ಎಲ್ರಿಗೂ ಹೀಗೇ ಅಲ್ವಾ?" ಎಂದು ಕೇಳಿದರು. ಅಲ್ಲ. ಆರೋಗ್ಯವಂತರ 100 ಮಿ.ಲೀ. ರಕ್ತದಲ್ಲಿ ಸುಮಾರು 50 ಮಿಗ್ರಾಂ ಕಬ್ಬಿಣವಿರುತ್ತದೆ. ಊಟದಿಂದ ಮೈ ಹೀರುವುದು ದಿನಕ್ಕೆ ಒಂದೆರಡು ಮಿಗ್ರಾಂ. ಸ್ತ್ರೀರೋಗ ತಜ್ಞರ ಬಳಿಗೆ ಅದೇ ವಾರ ಕಳಿಸಿದೆ. ರಕ್ತಸ್ರಾವಕ್ಕೆ ಚಿಕಿತ್ಸೆ ಶುರುವಾಯಿತು.

ಎರಡು ವಾರಕ್ಕೆ ಫೋನ್ ಬಂತು, ಹಸಿ ಅಕ್ಕಿ ಬೇಕೆನಿಸುತ್ತಿಲ್ಲ ಎಂದು. ಐದು ವಾರಕ್ಕೆ ಹಿಮೋಗ್ಲೋಬಿನ್ 10.3. ಹನ್ನೆರಡು ಮುಟ್ಟಿದ ಮೇಲೂ ಮೂರು ತಿಂಗಳು ಮಾತ್ರೆ ನಿಲ್ಲಿಸಬಾರದು, ಖಾಲಿಯಾದ ದಾಸ್ತಾನು ತುಂಬಲು ಅಷ್ಟು ಕಾಲ ಬೇಕು ಎಂದು ಕಾರ್ಡಿನ ಮೇಲೆ ಬರೆದುಕೊಟ್ಟಿದ್ದೇನೆ. ಹಿಂದಿನ ಭೇಟಿಗೆ ಅತ್ತೆಯೂ ಜೊತೆಗೆ ಬಂದಿದ್ದರು. ಹಾಲು ಕೊಟ್ಟು ತಾವೇ ಕೆಡಿಸಿದೆವೇನೋ ಎಂಬ ಅಳುಕು ಅವರ ಮುಖದಲ್ಲಿತ್ತು. "ರಾತ್ರಿ ಹಾಲು ಕೊಡಬಹುದಾ ತಾಯಿ?" ಎಂದರು. "ಕೊಡಿ ಅಮ್ಮ, ತಪ್ಪಿಸಬೇಡಿ. ಮಾತ್ರೆ ಈಗ ಬೆಳಗಿನ ಜಾವಕ್ಕೆ ಹೋಗಿದೆ" ಎಂದೆ.