ಆರು ತಿಂಗಳಲ್ಲಿ ಫಿಸಿಯೋ ಆಗಲ್ಲ

ಡೊಂಬಿವಲಿಯ ತಾಯಿಯೊಬ್ಬರ ಪ್ರಶ್ನೆ: ‘ಮಗಳಿಗೆ ಎಂಬಿಬಿಎಸ್ ಸಿಗುವಷ್ಟು ನೀಟ್ ಅಂಕ ಬಂದಿಲ್ಲ. ಫಿಸಿಯೋಥೆರಪಿ ಅಂದರೆ ಅದೂ ವರ್ಷಗಟ್ಟಲೆ. ಸ್ಟೇಷನ್ ಹತ್ತಿರ ಒಬ್ಬರು ಆರು ತಿಂಗಳ ಡಿಪ್ಲೊಮಾ ಕೊಡುತ್ತಾರಂತೆ, ಆಮೇಲೆ ಕ್ಲಿನಿಕ್ ಇಡಬಹುದಂತೆ. ಸೇರಿಸಲೇ?’

ಬೇಡಮ್ಮ. ಈ ಪ್ರಶ್ನೆ ಎಷ್ಟು ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಮಹಾರಾಷ್ಟ್ರದಲ್ಲಿ ಫಿಸಿಯೋ ಅಂತ ಬೋರ್ಡ್ ಹಾಕಲು ರಾಜ್ಯದ ಆಕ್ಯುಪೇಷನಲ್ ಥೆರಪಿ ಮತ್ತು ಫಿಸಿಯೋಥೆರಪಿ ಕೌನ್ಸಿಲ್‌ನ ನೋಂದಣಿ ಬೇಕು. ಆ ಆರು ತಿಂಗಳ ಕಾಗದಕ್ಕೆ ಅದು ಸಿಗಲ್ಲ. ಪದವಿಯೇ ಬೇಕು. ನಾವು ಓದುವಾಗ ನಾಲ್ಕೂವರೆ ವರ್ಷ ಇತ್ತು. 2025ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಇಂಟರ್ನ್‌ಶಿಪ್ ಸೇರಿ ಐದು ವರ್ಷ ಅನ್ನುತ್ತದೆ.

ಮಾಲೀಸು ಕಲಿಯಲು ಐದು ವರ್ಷವಾ ಅಂತ ನಿಮ್ಮ ಮನೆಯವರು ಕೇಳಬಹುದು. ಪ್ಲಾಸ್ಟರ್ ಬಿಚ್ಚಿಸಿಕೊಂಡ ಹೆಂಗಸೊಬ್ಬರು ಒಮ್ಮೆ ನನ್ನ ಹತ್ತಿರ ಬಂದರು. ಒಂದು ಕಾಲಿನ ಮೀನಖಂಡ ಊದಿ ಬಿಸಿಯಾಗಿತ್ತು, ಮುಟ್ಟಿದರೆ ನೋವು. ಹಿಂದಿನ ದಿನ ಇಂಥದೇ ಒಬ್ಬ ಡಿಪ್ಲೊಮಾದವನು ಮನೆಗೆ ಬಂದು, ನರ ಹಿಡಿದಿದೆ ಅಂತ ಎಣ್ಣೆ ಹಚ್ಚಿ ತಿಕ್ಕಿದ್ದ. ನಾನು ಕೈ ಹಚ್ಚಲಿಲ್ಲ. ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ನೇರ ಕಳಿಸಿದೆ. ಒಳಗಿನ ರಕ್ತನಾಳದಲ್ಲಿ ಹೆಪ್ಪು! ತಿಕ್ಕಿದಾಗ ಅದರ ಚೂರು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಎಲ್ಲಿ ಕೈ ಇಡಬಾರದು ಅಂತ ತಿಳಿಯುವುದಕ್ಕೇ ನಮ್ಮ ಅರ್ಧ ಓದು ಹೋಗುತ್ತದೆ.

ಮಗಳ ನೀಟ್ ಅಂಕ ಸುಮ್ನೆ ಹೋಗಲಿಲ್ಲ. ಇಲ್ಲಿ ಬಿಪಿಟಿಎಚ್, ಅಂದರೆ ಫಿಸಿಯೋ ಪದವಿಯ ಪ್ರವೇಶವೂ ಅದರ ಮೇಲೆಯೇ, ಸೀಟು ಹಂಚುವ ರಾಜ್ಯದ ಸಿಇಟಿ ಸೆಲ್ ಮೂಲಕ. ದೇಶದ ಮೊದಲ ಫಿಸಿಯೋ ಶಾಲೆ 1950ರ ದಶಕದಲ್ಲಿ ಶುರುವಾದದ್ದು ನಮ್ಮ ಮುಂಬೈ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲೇ. ಅಂಥ ಮುನಿಸಿಪಾಲಿಟಿ ಕಾಲೇಜು ಸಿಕ್ಕರೆ ಎರಡು ಮಾತಿಲ್ಲದೆ ಸೇರಿಸಿ. ಅಲ್ಲಿನ ಒಪಿಡಿಯ ನೂಕುನುಗ್ಗಲೇ ಮೇಷ್ಟ್ರು. ಖಾಸಗಿಯಾದರೆ ಕಟ್ಟಡ ನೋಡಿ ಮರುಳಾಗಬೇಡಿ. ಮಕ್ಕಳನ್ನು ಯಾವ ಆಸ್ಪತ್ರೆಯ ವಾರ್ಡಿಗೆ ಕಳಿಸುತ್ತೀರಿ, ಐಸಿಯುಗೆ ಬಿಡುತ್ತೀರಾ ಅಂತ ಕೇಳಿ. ಶುರುವಿನ ಸಂಬಳ ಕಡಿಮೆಯೇ, ಮುಚ್ಚಿಡುವುದಿಲ್ಲ. ಆದರೂ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿಯದೆ ಸ್ವಂತ ಕ್ಲಿನಿಕ್ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಪುಕ್ಕಲು.

ಮುಲುಂಡ್‌ನವರು ಪಿಯುಸಿಯಲ್ಲಿ ಗಣಿತ ಬೇಕಾ ಅಂದಿದ್ದಾರೆ. ಬೇಡ, ಬಯಾಲಜಿ ಬೇಕು.

ವಸಾಯಿಯ ಹುಡುಗ, ಬೆನ್ನು ‘ಟಕ್’ ಅನ್ನಿಸಿ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಕೂರಿಸುವುದನ್ನು ವಿಡಿಯೋ ನೋಡಿ ಕಲಿಯುತ್ತಿದ್ದಾನಂತೆ. ಆ ಸದ್ದು ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯದು ಮಾರಾಯಾ, ಡಿಸ್ಕ್‌ನದಲ್ಲ. ಯಾರ ಬೆನ್ನನ್ನೂ ಮುಟ್ಟಬೇಡ.

ಹೆಸರಿನ ಮುಂದೆ ‘ಡಾ.’ ಹಾಕಬಹುದೇ ಅಂತ ಕೇಳಿದ ಅಂಧೇರಿಯ ತಂದೆಗೆ: ನಿಮ್ಮ ಮಗ ಮೊದಲು ಅನಾಟಮಿ ಪಾಸಾಗಲಿ.